ಒಂದೇ ಅರ್ಥದ ಮೂರು ಪದ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮದ್ರಾಸಿನ ಒಂದು ಖಾಸಗಿ ಕಂಪನಿಗೆ ಸ್ಟೆನೋ ಆಗಿ ಸೇರಿದೆ. ರೈಲ್ವೆಯಿಂದ ನಿವೃತ್ತರಾಗಿದ್ದ ಅಪ್ಪ ಹಳೆಯ ಸ್ನೇಹಿತರೊಬ್ಬರನ್ನು ಕೇಳಿಕೊಂಡು ಕೊಡಿಸಿದ ಕೆಲಸ. ಆ ಸ್ನೇಹಿತರೇ ಅಲ್ಲಿ ಮ್ಯಾನೇಜರು. ತುಮಕೂರು ಕಡೆಯವರು, ಮದ್ರಾಸಿಗೆ ಬಂದು ಮೂವತ್ತು ವರ್ಷವಾಗಿತ್ತು. ನನ್ನ ಮೇಜು ಅವರ ಕೋಣೆಯ ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ನಾನು ಎದ್ದುಹೋಗಬೇಕೆಂದರೆ ಮೊದಲು ಅವರ ಬಾಗಿಲು ಮುಚ್ಚಬೇಕಿತ್ತು.

ಇಂಗ್ಲಿಷಿನಲ್ಲಿ ಪತ್ರ ಹೇಳಿ ಬರೆಸುವಾಗ ಅವರಿಗೆ ಒಂದು ವಿಶೇಷಣ ಎಂದೂ ಸಾಲುತ್ತಿರಲಿಲ್ಲ. ವಿವರ ‘ಫುಲ್ ಅಂಡ್ ಕಂಪ್ಲೀಟ್’ ಆಗಿರಬೇಕು, ಉತ್ತರ ‘ಕ್ವಿಕ್ ಅಂಡ್ ಸ್ಪೀಡಿ’ ಆಗಿರಬೇಕು. ಅಂಚೆ ಮೂಲಕ ಇಂಗ್ಲಿಷ್ ಬಿ.ಎ. ಓದುತ್ತಿದ್ದ ನನಗೆ ಅದು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಆಗುತ್ತಿತ್ತು. ಒಮ್ಮೆ ಧೈರ್ಯ ಮಾಡಿ ‘ಸ್ಪೀಡಿ’ ಬಿಟ್ಟು ಟೈಪ್ ಮಾಡಿದೆ. ಅವರು ಪೆನ್ನು ತೆಗೆದು ಆ ಪದವನ್ನು ಮತ್ತೆ ಸೇರಿಸಿದರು.

“ಒಂದು ಮೊಳೆ ಹೊಡೆದ್ರೆ ಹಲಗೆ ತಿರುಗುತ್ತಮ್ಮಾ, ಎರಡು ಹೊಡೀಬೇಕು. ಇನ್ನೊಂದ್ಸಲ ಅಡಿಚ್ಚಿಡು,” ಎಂದು ತಮಿಳು ಬೆರೆಸಿ ಹೇಳಿದರು. ಇಡೀ ಹಾಳೆಯನ್ನು ಮೂರು ಕಾರ್ಬನ್ ಪ್ರತಿಗಳ ಸಮೇತ ಮತ್ತೆ ಟೈಪ್ ಮಾಡಿದೆ. ಆಮೇಲೆ ಯಾವ ಪದವನ್ನೂ ಬಿಡಲಿಲ್ಲ.

ಬಿ.ಎ. ಮುಗಿದ ವರ್ಷ ಮದ್ರಾಸಿನಂಚಿನ ಪೋರೂರಿನ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆಂದು ತಿಳಿಯಿತು. ಅರ್ಜಿಯ ಜೊತೆ ಕೆಲಸ ಮಾಡುವ ಕಡೆಯಿಂದ ಒಂದು ಪ್ರಶಂಸಾಪತ್ರ ಇರಬೇಕಿತ್ತು. ಹೆದರುತ್ತಲೇ ಕೇಳಿದೆ. ಮ್ಯಾನೇಜರು ಸಂತೋಷವಾಗಿಯೇ ಒಪ್ಪಿ, “ಬರ್ಕೋ” ಎಂದರು. ನನ್ನ ಬಗೆಗಿನ ಪತ್ರವನ್ನು ನನಗೇ ಹೇಳಿ ಬರೆಸಿದರು. ಅದರ ಮುಖ್ಯ ವಾಕ್ಯದಲ್ಲಿ ನಾನು ‘ಒಬೀಡಿಯೆಂಟ್, ಡಾಸೈಲ್ ಅಂಡ್ ಸಬ್ಮಿಸಿವ್’ ಆಗಿದ್ದೆ. ಹೇಳಿದ ಮಾತು ಕೇಳುವವಳು ಎಂಬುದನ್ನೇ ಮೂರು ಸಲ ಹೇಳಿದಂತಾಗಿತ್ತು. ನನ್ನ ಬೆರಳು ನಿಂತಿತು. “ಏನಮ್ಮಾ, ಸ್ಪೆಲ್ಲಿಂಗ್ ಬರಲ್ವಾ?” ಎಂದು ಕೇಳಿದರು. “ಬರುತ್ತೆ ಸಾರ್,” ಎಂದು ಹೇಳಿದಂತೆಯೇ ಬರೆದುಕೊಂಡು ಟೈಪ್ ಮಾಡಿದೆ.

ಸಂದರ್ಶನದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಪತ್ರವನ್ನು ಎರಡು ಸಲ ಓದಿದರು. ಟೈಪ್ ಮಾಡಿದವರ ಗುರುತಾಗಿ ಮೂಲೆಯಲ್ಲಿದ್ದ ನನ್ನ ಇನಿಷಿಯಲ್ ಮೇಲೆ ಅವರ ಕಣ್ಣು ಬಿತ್ತು.

“ಇದನ್ನು ಟೈಪ್ ಮಾಡಿದ್ದು ನೀವೇನಾ?”

“ಹೌದು ಮೇಡಂ.”

“ಮೂರಕ್ಕೂ ಒಂದೇ ಅರ್ಥ. ಗೊತ್ತಾಗಲಿಲ್ಲವೇ?”

“ಗೊತ್ತಾಯಿತು. ಪತ್ರ ಅವರದು, ನಾನು ಹೇಗೆ ತಿದ್ದಲಿ?”

“ತಿದ್ದಿ ಅಂತ ಹೇಳುತ್ತಿಲ್ಲ. ಅವರಿಗೆ ಒಂದು ಮಾತು ಹೇಳಬಹುದಿತ್ತಲ್ಲ?” ಎಂದರು. ಕೋಪವೇನೂ ಇರಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯಿತು.

ಕೀಲ್ಪಾಕ್‌ನ ನಮ್ಮ ಮನೆಯಲ್ಲಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. “ಮೂರು ಸಲ ಹೊಗಳಿದ್ದಾರಲ್ಲೇ, ಅದರಲ್ಲಿ ತಪ್ಪೇನು? ಅವರ ಮನಸ್ಸು ನೋಯಿಸಬೇಡ,” ಎಂದರು. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. “ಅವಳು ಯಾರ ಮನಸ್ಸು ನೋಯಿಸಿದ್ದಾಳೆ, ಇಷ್ಟು ವರ್ಷದಲ್ಲಿ?” ಎಂದಳು, ಅಷ್ಟೇ.

ಮರುದಿನ ಮ್ಯಾನೇಜರ ಎದುರು ನಿಂತು, “ಸಾರ್, ಇನ್ನೊಂದು ಪತ್ರ ಬೇಕು. ಆ ಮೂರೂ ಪದ ಒಂದೇ,” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಯಾರೂ ಸಂದೇಹ ಪಡಬಾರದು ಅಂತ ಮೂರು ಸಲ ಬರೆಸಿದ್ದು. ನಾಲ್ಕನೇದು ಬೇಕಾ?” ಎಂದರು. ತಮಾಷೆ ಮಾಡುತ್ತಿಲ್ಲವೆಂದು ಮುಖ ನೋಡಿಯೇ ತಿಳಿಯಿತು. ಕನ್ನಡಕ ಮತ್ತೆ ಹಾಕಿಕೊಂಡು ಮೆಲ್ಲಗೆ, “ನೀನು ಹೋದ್ರೆ ನನ್ನ ಡಿಕ್ಟೇಷನ್ ಯಾರಮ್ಮಾ ತಗೋತಾರೆ?” ಎಂದರು.

ಅವರು ಕೆಟ್ಟವರಾಗಿದ್ದರೆ ಅಂದೇ ಎದ್ದು ಹೋಗಬಹುದಿತ್ತು. ಹಬ್ಬಕ್ಕೆ ಮನೆಗೆ ಬಂದು ಅಪ್ಪನ ಪಕ್ಕ ಕೂತು ಊಟ ಮಾಡುವ ಮನುಷ್ಯ ಅವರು. ನೋಟ್‌ಬುಕ್ ತೆರೆದು ಕೂತೆ. ಹಾಗೆ ಕೂತವಳು ಇನ್ನೂ ಏಳು ವರ್ಷ ಅಲ್ಲೇ ಕಳೆದೆ.

ಎಂಬತ್ತರ ದಶಕದಲ್ಲಿ ಪಲ್ಲಾವರಂನ ಒಂದು ಸಣ್ಣ ಶಾಲೆಯವರು ಕರೆದರು. ಅವರು ಪತ್ರ ಗಿತ್ರ ಏನನ್ನೂ ಕೇಳಲಿಲ್ಲ. ಆರನೇ ತರಗತಿಗೆ ಕಳಿಸಿ, ಒಂದು ಪಾಠ ಮಾಡಿ ತೋರಿಸಿ ಎಂದರು. ಮೊದಲ ಹತ್ತು ನಿಮಿಷ ಪುಸ್ತಕದಿಂದ ಕಣ್ಣೆತ್ತದೆ ಓದಿದೆ. ಆಮೇಲೆ ಸರಿಹೋಯಿತು. ಸಂಬಳ ಕಡಿಮೆ, ಬಸ್ಸು ದೂರ. ಆದರೂ ಅಂದೇ ಒಪ್ಪಿಕೊಂಡೆ. ಅಪ್ಪನಿಗೆ ಹೇಳಿದ್ದು ಕೆಲಸಕ್ಕೆ ಸೇರಿ ಒಂದು ವಾರವಾದ ಮೇಲೆ.