ಟೈಪಿಸ್ಟನನ್ನು ವಿಚಾರಿಸಲು ಹೋದದ್ದು

ಆಗ ನಾನು ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತ. ಟೈಪಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದ ಪುಟ್ಟಸ್ವಾಮಿ ನಿಜವಾಗಿಯೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೋ ಇಲ್ಲವೋ, ಅವನು ಓದಿದ ಶಾಲೆಯಲ್ಲೇ ಕೇಳಿಕೊಂಡು ಬನ್ನಿ ಎಂದು ಸಾಹೇಬರು ನನ್ನನ್ನು ಅರಕಲಗೂಡಿಗೆ ಅಟ್ಟಿದರು.

ಹೆಡ್ಮಾಸ್ತರ ಕೋಣೆಯಲ್ಲಿ ನನಗಿಂತ ಮೊದಲೇ ಹೊಳೆನರಸೀಪುರದ ಕಡೆಯ ಯಜಮಾನರೊಬ್ಬರು ಪೇಟ ಸುತ್ತಿಕೊಂಡು ಕೂತಿದ್ದರು. ನಾನು ಪುಟ್ಟಸ್ವಾಮಿಯ ಹೆಸರೆತ್ತಿದ್ದೇ ತಡ, ಗಾಬರಿಯಿಂದ ನನ್ನತ್ತ ತಿರುಗಿದರು.

“ನೀವೂ ಅವನ್ಗೆ ಎಣ್ಣು ಕೊಡಾಕೆ ಬಂದಿದ್ದೀರಾ ಸಾ?”

“ಇಲ್ಲ ಯಜಮಾನ್ರೇ, ಕೆಲಸ ಕೊಡೋದಕ್ಕೆ.”

“ಈಗ ಕೊಡಾದಾ? ಆಸನದಾಗೆ ಆಗ್ಲೇ ಆಪೀಸರ್ ಆಗಿವ್ನಿ ಅಂದ್ನಲ್ಲ!”

ಹೆಡ್ಮಾಸ್ತರು ನಗು ತಡೆದುಕೊಂಡು, “ಪಾಸಾಗಿದ್ದಾನೆ ಕಣ್ರೀ, ಮೂರನೇ ಸಲಕ್ಕೆ” ಎಂದರು.

ನನ್ನ ಕೆಲಸವೇನೋ ಮುಗಿಯಿತು. ಆದರೆ ನನ್ನ ಬಾಯಿಂದ ಒಂದು ಮದುವೆ ಮುರಿಯಿತಲ್ಲ ಎಂದು ಬೆವರಿದೆ. ಯಜಮಾನರು ಮೀಸೆ ತೀಡುತ್ತಾ ಯೋಚಿಸಿದರು.

“ಎಲ್ಡು ಸಲ ಬಿದ್ರೂ ಎದ್ದವ್ನೆ. ಗಟ್ಟಿ ಉಡ್ಗ ಕಣಪ್ಪ. ನೀವು ಕೆಲ್ಸ ಕೊಡಿ ಸಾ, ನಾನು ಎಣ್ಣು ಕೊಡ್ತೀನಿ.”

ಕೊಡುವವರು ನಮ್ಮ ಸಾಹೇಬರು ಎಂದರೆ ಕೇಳಬೇಕಲ್ಲ! ಕೈ ಹಿಡಿದು ಹೋಟೆಲಿಗೆ ಕರೆದೊಯ್ದು ಇಡ್ಲಿ ತಿನ್ನಿಸಿ, ಗಂಡಿನ ಕಡೆಯಿಂದ ದಿಬ್ಬಣಕ್ಕೆ ಎಷ್ಟು ಜನ ಬರುತ್ತೀರಿ ಎಂದು ನನ್ನನ್ನೇ ಕೇಳಿದರು.

ಪುಟ್ಟಸ್ವಾಮಿಗೆ ಕೆಲಸವೂ ಸಿಕ್ಕಿತು, ಮದುವೆಯೂ ಆಯಿತು. ಊಟದ ಪಂಕ್ತಿಯಲ್ಲಿ ಯಜಮಾನರು, “ಕೆಲ್ಸ ಕೊಟ್ಟ ಪುಣ್ಯಾತ್ಮ ಇವ್ರೇ” ಎಂದು ನನ್ನನ್ನು ಮೊದಲ ಎಲೆಗೆ ಕೂರಿಸಿದರು. ಸಾಹೇಬರಿಗೆ ಬಾಗಿಲ ಹತ್ತಿರ ಎಲೆ ಹಾಕಿದ್ದರು.

ಮರುದಿನ ಕಚೇರಿಯಲ್ಲಿ ಸಾಹೇಬರು ಕರೆದು, “ಇನ್ಮೇಲೆ ವಿಚಾರಣೆಗೆ ನಾನೇ ಹೋಗ್ತೀನಿ” ಎಂದರು.