ಫಟಫಟಿಯ ದೀಪ ಮತ್ತು ಆರತಿಯ ಕುಡಿ

ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ನಾನು ಮೊದಲು ಕಂದೀಲಿನ ಬತ್ತಿಯನ್ನು ಇಳಿಸುತ್ತೇನೆ, ಆಮೇಲೆ ಅದನ್ನು ಹಿಡಿದು ಎದ್ದುಹೋಗುತ್ತೇನೆ. ಬಂದವರನ್ನು ಗುರುತಿಸಲು ಬತ್ತಿ ಏರಿಸುವುದು ಲೋಕರೂಢಿ. ನನ್ನದನ್ನು ಹೆಂಡತಿ ಎಣ್ಣೆಯ ಜಿಪುಣತನವೆಂದು ಇಷ್ಟು ದಿನ ಸಹಿಸಿಕೊಂಡಿದ್ದಳು. ನೆರೆಯವರು ಸಾಲಿ ಮಾಸ್ತರರ ವೇದಾಂತವೆಂದು ಗೌರವಿಸುತ್ತಾರೆ. ಎರಡೂ ಅಲ್ಲ, ವಾಚಕ ಮಿತ್ರರೇ. ಇದು ಬರೀ ಅಂಜಿಕೆ, ಮತ್ತು ಈ ಅಂಜಿಕೆಗೆ ಒಂದು ಊರಿದೆ.

ಗೋಕಾಕದ ನಮ್ಮ ಓಣಿಯಲ್ಲಿ ಅರಳೆಯ ವ್ಯಾಪಾರ ಮಾಡುವ ಮಲ್ಲಪ್ಪ ಕಾಕಾ ಬೆಳಗಾವಿಯಿಂದ ಒಂದು ಹಳೆಯ ಫಟಫಟಿಯನ್ನು, ಅಂದರೆ ಮೋಟಾರು ಸೈಕಲ್ಲನ್ನು, ತಂದರು. ಅದರ ದೀಪಕ್ಕೆ ಬತ್ತಿಯೂ ಇಲ್ಲ, ಎಣ್ಣೆಯೂ ಇಲ್ಲ. ಕೆಳಗೊಂದು ಡಬ್ಬಿಯಲ್ಲಿ ಕಾರ್ಬೈಡಿನ ಹರಳು, ಮೇಲಿನಿಂದ ಅದರ ಮೇಲೆ ತೊಟ್ಟಿಕ್ಕುವ ನೀರು, ಅದರಿಂದ ಹೊರಟ ವಾಯುವಿಗೆ ಕಡ್ಡಿ ಗೀರಿದರೆ ಕೊಳೆತ ಬೆಳ್ಳುಳ್ಳಿಯ ವಾಸನೆಯೊಡನೆ ಬೆಳಕು. ಆ ಬೆಳಕು ಸಾಲದೆಂಬುದೇ ಕಾಕಾರ ಚಿಂತೆ. ಪೂಜೆ ಮುಗಿಸಿ ಉಳಿದ ವಿಭೂತಿಯಿಂದ ದೀಪದ ಹಿಂದಿನ ಕನ್ನಡಿಯನ್ನು ದಿನವೂ ತಿಕ್ಕುತ್ತಿದ್ದರು; ಕೊನೆಗೆ ಅವರ ಹಣೆಗಿಂತ ಅದೇ ಹೆಚ್ಚು ಬೆಳಗತೊಡಗಿತು.

ಒಂದು ಸಂಜೆ ಮೂಡಲಗಿಗೆ ಹೊರಟ ಕಾಕಾರ ಬೆನ್ನ ಹಿಂದೆ ನಾನೂ ಕುಳಿತೆ. ನನ್ನ ಧೈರ್ಯವೆಲ್ಲ ಅವರ ಕೋಟಿನ ಹಿಂಭಾಗವನ್ನು ಹಿಡಿದುಕೊಂಡಿತ್ತು. ಕತ್ತಲಾಗುತ್ತಲೇ ಅವರು ನೀರಿನ ತಿರುಪನ್ನು ಇನ್ನಷ್ಟು ಸಡಿಲಿಸಿದರು. ಹಾದಿಯ ಮೇಲೆ ಬೆಳ್ಳಗೆ ಬೆಳಕು ಚೆಲ್ಲಿತು.

"ನೋಡೋ ಮಾಸ್ತರ, ಹಗಲ ಆಗೇತಿ ಹಗಲ!"

ತುಕ್ಕಾನಟ್ಟಿಗೆ ಸ್ವಲ್ಪ ಮೊದಲು ಮದುವೆಯ ಬಂಡಿಗಳ ಸಾಲೊಂದನ್ನು ದಾಟಿದೆವು. ಬೆಲ್ಲದ ಬಾಗೇವಾಡಿಯಿಂದ ಬಂದ ಗಂಡಿನ ಕಡೆಯವರು. ಎತ್ತುಗಳು ಬೆದರಿ ನೊಗ ಎಳೆದಾಡಿದವು. ಬಂಡಿಯವನೊಬ್ಬ ಕೂಗಿದ: "ಏನ್ರಿ ಸಾವಕಾರ್ರ, ಸೂರ್ಯಾನ್ನ ಮನೀಗಿ ಒಯ್ಯಾಕತ್ತೀರೇನ?" ಕಾಕಾ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಮದುವೆಯ ಬಂಡಿಗಳು ಹೆಣ್ಣಿನವರ ಊರ ಸೀಮೆ ಮುಟ್ಟುವತನಕ ಗ್ಯಾಸಬತ್ತಿಯನ್ನು ಹೊತ್ತಿಸುವುದಿಲ್ಲ. ಅಲ್ಲಿ ಹೊತ್ತಿಸಿ, ಒಬ್ಬನ ತಲೆಯ ಮೇಲಿಟ್ಟು, ಹಲಗೆ ಬಡಿಯುತ್ತ ನಡೆಯುತ್ತಾರೆ. ಆ ಬಿಳಿಯ ಬೆಳಕು ಕಂಡೊಡನೆ ಹೆಣ್ಣಿನವರು ಆರತಿ, ನೀರಿನ ತಂಬಿಗೆ ಹಿಡಿದು ಹಾದಿಗಿಳಿದು ಬೀಗರನ್ನು ಇದಿರುಗೊಳ್ಳುತ್ತಾರೆ. ಅಂದು ಬೀಗರ ಬಂಡಿಗಳು ಹಿಂದೆ ಉಳಿದಿದ್ದವು. ಹೆಣ್ಣಿನ ಊರಾದ ತುಕ್ಕಾನಟ್ಟಿಯ ಸೀಮೆಯಲ್ಲಿ ಮೊದಲು ಕಂಡ ಬಿಳಿಯ ಬೆಳಕು ನಮ್ಮದು. ನಮ್ಮ ಯಂತ್ರದ ಸದ್ದು ಹೆಣ್ಣಿನವರ ಕಿವಿಗೆ ಹಲಗೆಯ ಬಡಿತವಾಗಿಯೇ ಕೇಳಿತಂತೆ.

ಮುಂದೆ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಊರ ಹತ್ತಿರ ದನಗಳು ಎಬ್ಬಿಸಿದ ಧೂಳು ಇನ್ನೂ ಕುಳಿತಿರಲಿಲ್ಲ. ನಮ್ಮ ಬೆಳಕು ಅದರ ಮೇಲೆ ಬಿದ್ದು ಸುಣ್ಣ ಬಳಿದ ಗೋಡೆಯಂತೆ ನಿಂತಿತು. ಕಾಕಾ ಆ ಗೋಡೆಯೊಳಗೇ ಗಾಡಿ ಓಡಿಸಿದರು. ಅವರ ಭುಜದ ಮೇಲಿಂದ ನನಗೆ ಹಾದಿ ಕಾಣಲಿಲ್ಲ, ಮನುಷ್ಯರೂ ಕಾಣಲಿಲ್ಲ. ಬೆಳ್ಳನೆಯ ನಡುವೆ, ಎದೆಯೆತ್ತರದಲ್ಲಿ, ಹಳದಿಯ ಒಂದು ಚುಕ್ಕೆ ಮಾತ್ರ ಅಲುಗುತ್ತಿತ್ತು.

"ಕಾಕಾ, ನಿಲ್ಲಸ್ರಿ! ಮುಂದ ಯಾರೋ ಅದಾರ!"

ಗಾಡಿ ಜಾರಿತು, ಓರೆಯಾಯಿತು, ನಿಂತಿತು. ಎದುರಿಗೆ ಆರತಿಯ ತಟ್ಟೆ ಹಿಡಿದ ಒಬ್ಬ ಮುದುಕಿ. ಬೆಳಕಿನ ಹೊಡೆತಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಆಕೆಯ ಸೆರಗು ನಮ್ಮ ಗಾಡಿಯ ಮುಂದಿನ ಗಾಲಿಯ ಮೇಲೆ ಬಿದ್ದಿತ್ತು. ಏನೂ ಅರಿಯದ ಆಕೆ, ಪದ್ಧತಿಯಂತೆ, ಇನ್ನೊಂದು ಕೈಯ ತಂಬಿಗೆಯ ನೀರನ್ನು ಬೀಗರ ಎತ್ತಿನ ಕಾಲಿಗೆಂದು ಎರಚಿದಳು. ನೀರು ಕಾದ ದೀಪಕ್ಕೆ ಬಿತ್ತು. ಗಾಜು ಚಟ್ಟೆಂದು ಸೀಳಿ ಬೆಳಕು ಆರಿತು.

ಆಗಲೇ ನಾವು ಒಬ್ಬರನ್ನೊಬ್ಬರು ಕಂಡದ್ದು. ಆಕೆಯ ಹಿಂದೆ ಊರ ಹೆಂಗಸರೆಲ್ಲ ಹಾದಿಯ ತುಂಬ ನಿಂತಿದ್ದರು. ಮುದುಕಿ ಆರತಿಯನ್ನು ಎತ್ತಿ ಕಾಕಾರ ಬೋಳುತಲೆಯನ್ನೂ ನರೆತ ಮೀಸೆಯನ್ನೂ ನಿಧಾನವಾಗಿ ನೋಡಿದಳು.

"ಅಯ್ಯ ಶಿವನ! ನಮ್ಮ ಹುಡಿಗೀಗಿ ಇಂಥಾ ಮದಿಮಗನ್ನ ನೋಡ್ಯಾರೇನ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಗಲು ನೋಡಿದೆ. ಹಲ್ಲುಗಳು ಒಂದಕ್ಕೊಂದು ಬಡಿದವು. ಕಾಕಾ ನಗಲಿಲ್ಲ. ಬಗ್ಗಿ, ಗಾಲಿಯ ಮೇಲಿನ ಸೆರಗನ್ನು ಎರಡೂ ಕೈಯಿಂದ ಎತ್ತಿ ಆಕೆಗೆ ಕೊಟ್ಟರು.

"ತಪ್ಪಾತ್ರಿ ಯವ್ವಾ. ನನಗ ಏನೂ ಕಾಣಲಿಲ್ಲ."

"ಅಷ್ಟ ಬೆಳಕ ಇಟ್ಕೊಂಡ ಏನೂ ಕಾಣಲಿಲ್ಲೇನಪಾ?"

ಆಕೆ ಅದನ್ನು ಕುಹಕದಿಂದ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದಳು. ನಮ್ಮ ಸೂರ್ಯ ಆಕೆಯನ್ನು ನಮಗೆ ತೋರಿಸಲಿಲ್ಲ, ನಮ್ಮನ್ನು ಆಕೆಗೂ ತೋರಿಸಲಿಲ್ಲ. ಆಕೆಯನ್ನು ಉಳಿಸಿದ್ದು ಆಕೆಯೇ ಹಿಡಿದಿದ್ದ ತುಪ್ಪದಾರತಿಯ ಆ ಹಳದಿ ಕುಡಿ.

ಕಾಕಾ ದೀಪಕ್ಕೆ ಹೊಸ ಗಾಜು ಹಾಕಿಸಿದರು. ಆದರೆ ಈಗ ಊರು ಹತ್ತಿರವಾದೊಡನೆ ನೀರಿನ ತಿರುಪು ಬಿಗಿಮಾಡಿ, ಬೆಳಕು ಕುಗ್ಗುವತನಕ ಕಾದು, ಮೆಲ್ಲಗೆ ಸಾಗುತ್ತಾರೆ. ತುಕ್ಕಾನಟ್ಟಿಯಲ್ಲಿ ಸದ್ದು ಕೇಳಿದರೆ ಮುದುಕಿ ಚಿಮಣಿ ದೀಪ ಹಿಡಿದು ಹೊಸ್ತಿಲಿಗೆ ಬರುತ್ತಾಳಂತೆ: "ಬಂದ್ಯಾ ಮದಿಮಗಾ? ನೀರ ತರ್ಲೇನ?"

ನನಗೆ ಮಾತ್ರ ಆ ಬಿಳಿಯ ಗೋಡೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಕೆಲವು ರಾತ್ರಿ ಅದರಲ್ಲಿ ಹಳದಿಯ ಚುಕ್ಕೆ ಇರುವುದಿಲ್ಲ, ನಾನು ಎದ್ದು ಕುಳಿತುಬಿಡುತ್ತೇನೆ. ಇದನ್ನು ಹೆಂಡತಿಗೆ ಹೇಳಿದ್ದು ಮೊನ್ನೆ. ನಿನ್ನೆ ಯಾರೋ ಬಾಗಿಲು ತಟ್ಟಿದರು. ಕಂದೀಲಿಗೆ ಕೈ ಚಾಚಿದೆ. ಬತ್ತಿ ಆಗಲೇ ಇಳಿದಿತ್ತು. ಹೆಂಡತಿ ಕಂದೀಲನ್ನು ನನ್ನ ಕೈಗೆ ಕೊಟ್ಟು, "ಹೋಗ್ರಿ, ಯಾರ ಬಂದಾರ ನೋಡ್ರಿ" ಎಂದಳು.