ಚಳಿಗೆ ರಜೆ ಕೊಡದ ಊರು

ತೆಂಗಿನೆಣ್ಣೆ ಬಾಟಲಿಯೊಳಗೆ ಕಲ್ಲಾದ ದಿನ ಶಾಲೆಗಳಿಗೆ ರಜೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಕುವೈಟಿನ ಸರಕಾರ ಈ ವಿಷಯದಲ್ಲಿ ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಒಂದೆರಡು ಬೆಳಿಗ್ಗೆ ಎಣ್ಣೆ ಸ್ವಲ್ಪ ಬೆಳ್ಳಗಾಗುವುದುಂಟು, ಬಿಸಿಲು ಬಿದ್ದೊಡನೆ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮತ್ತೆ ನೀರಾಗುತ್ತದೆ. ಇಲ್ಲಿ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಜನವರಿ ಬಂತೆಂದರೆ ಬಾಟಲಿಯನ್ನು ತಲೆಕೆಳಗೆ ಹಿಡಿದು ಕುಟ್ಟಿದರೂ ಒಂದು ಹನಿ ಬೀಳುವುದಿಲ್ಲ. ತಲೆಗೆ ಎಣ್ಣೆ ಹಚ್ಚಬೇಕಾದರೆ ಮೊದಲು ಆ ಎಣ್ಣೆಯನ್ನು ಒಲೆಯ ಹತ್ತಿರ ಕೂರಿಸಿ ಉಪಚಾರ ಮಾಡಬೇಕು. ದೋಸೆ ಹಿಟ್ಟಿನ ಕತೆ ಹೇಳುವುದೇ ಬೇಡ, ಇಟ್ಟ ಹಾಗೆಯೇ ಮುಖ ಗಂಟು ಹಾಕಿಕೊಂಡು ಕೂತಿರುತ್ತದೆ. ಎಣ್ಣೆ ಹರಿಯದ, ಹಿಟ್ಟು ಉಬ್ಬದ ಹವೆಯಲ್ಲಿ ಮಕ್ಕಳ ತಲೆಗೆ ವಿದ್ಯೆ ಮಾತ್ರ ಹೇಗೆ ಇಳಿಯುತ್ತದೆ ಎಂದು ದೊಡ್ಡವರು ಯಾರೂ ಯೋಚಿಸುವುದಿಲ್ಲ.

ಕುವೈಟಿನಲ್ಲಿ ಚಳಿಯೇ ಎಂದು ನೀವು ನಗಬಹುದು. ನಗಿ. ನಾನೂ ನಕ್ಕವಳೇ. ಗಲ್ಫಿನಿಂದ ಊರಿಗೆ ಬರುವ ನಮ್ಮ ಕಡೆಯ ಗಂಡಸರೆಲ್ಲ ದೊಡ್ಡ ದೊಡ್ಡ ಹೂವಿನ ಚಿತ್ರದ, ಎಮ್ಮೆಕರುವಿನಷ್ಟು ಭಾರದ ಕಂಬಳಿಗಳನ್ನು ಹೊತ್ತು ತರುತ್ತಾರೆ. ನಮ್ಮ ಸೆಕೆಯಲ್ಲಿ ಅದನ್ನು ಹೊದ್ದವನು ಬೆಳಗಾಗುವಷ್ಟರಲ್ಲಿ ಬೆಂದಿರುತ್ತಾನೆ. ಆದ್ದರಿಂದ ಅದನ್ನು ಕಪಾಟಿನ ಮೇಲಿಡುವುದು, ನೆಂಟರು ಬಂದಾಗ ಇಳಿಸಿ ಮುಟ್ಟಿಸುವುದು, ಮತ್ತೆ ಮೇಲಿಡುವುದು. ಮರಳುಗಾಡಿನಿಂದ ಕಂಬಳಿ ತರುವ ಇವರಿಗೆ ಬಿಸಿಲಿನಲ್ಲಿ ಬುದ್ಧಿ ಕರಗಿರಬೇಕು ಎಂದುಕೊಂಡಿದ್ದೆ. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದು, ಮರಳಿನ ಮೇಲಿಂದ ಬೀಸುವ ಒಣ ಗಾಳಿ ಸೀರೆಯ ನೆರಿಗೆಯೊಳಗೆ ಯಾವ ಸಂಕೋಚವೂ ಇಲ್ಲದೆ ನುಗ್ಗಿದಾಗ ಆ ಗಂಡಸರಿಗೆಲ್ಲ ಮನಸ್ಸಿನಲ್ಲೇ ಕ್ಷಮಾಪಣೆ ಹೇಳಿ ಕಂಬಳಿಯೊಳಗೆ ಹೊಕ್ಕೆ.

ನನ್ನ ಮಗ ಗಣೇಶನಿಗೆ ಶುಐಬಾದ ಕಾರ್ಖಾನೆಯಲ್ಲಿ ಕೆಲಸ. ಸೊಸೆ ವನಿತಾ ಆಫೀಸಿಗೆ ಹೋಗುತ್ತಾಳೆ. ಮೊಮ್ಮಗಳು ಸಾನ್ವಿ ಮೂರನೇ ಕ್ಲಾಸು. ಮನೆಯಲ್ಲಿ ನಾವು ದೊಡ್ಡವರು ಮಾತಾಡುವುದು ತುಳು, ಸಾನ್ವಿ ಉತ್ತರಿಸುವುದು ಇಂಗ್ಲಿಷು, ಇಬ್ಬರಿಗೂ ಸಿಟ್ಟು ಬಂದಾಗ ನಡುವೆ ಸಿಗುವುದು ಕನ್ನಡ. ಆ ವಾರ ಚಳಿ ವಿಪರೀತವಾಯಿತು. ನಲ್ಲಿಯ ನೀರು ಮುಟ್ಟಿದರೆ ಚೇಳು ಕುಟುಕಿದ ಹಾಗೆ. ನಮ್ಮ ಜಿಲ್ಲೆಯವರಿಗೆ ಒಂದು ಅಭ್ಯಾಸವಿದೆ, ನಿಮಗೂ ಗೊತ್ತಿರಬಹುದು. ಮಳೆ ಜೋರಾದರೆ ನಾವು ಆಕಾಶ ನೋಡುವುದಿಲ್ಲ, ಡಿಸಿ ಏನು ಹೇಳಿದರು ಎಂದು ನೋಡುತ್ತೇವೆ. ಮಳೆ ಕೊಡುವುದು ವರುಣನಾದರೂ ಶಾಲೆಗೆ ರಜೆ ಕೊಡುವುದು ಜಿಲ್ಲಾಧಿಕಾರಿಯಲ್ಲವೇ! ಅವರು ಕೊಡುತ್ತಾರೆ ಎಂಬ ಧೈರ್ಯದಲ್ಲಿ ಮಕ್ಕಳು ಮನೆಪಾಠ ಬರೆಯುವುದಿಲ್ಲ, ತಾಯಂದಿರು ಅಂಗಿಗೆ ಇಸ್ತ್ರಿ ಹಾಕುವುದಿಲ್ಲ. ಹಾಗಾಗಿ ನಾನು ಮಗನನ್ನು ಕೇಳಿದೆ:

"ಇಲ್ಲಿಯ ಡಿಸಿ ಯಾರು?"

"ಇಲ್ಲಿ ಡಿಸಿ ಎಲ್ಲ ಇಲ್ಲ ಅಮ್ಮ."

"ಮತ್ತೆ ರಜೆ ಕೊಡುದು ಯಾರು?"

"ಮಿನಿಸ್ಟ್ರಿಯವರು. ಮಳೆಗೆ ಕೊಡ್ತಾರೆ, ಧೂಳಿಗೆ ಕೊಡ್ತಾರೆ. ಚಳಿಗೆ ಕೊಡುದಿಲ್ಲ."

"ಧೂಳಿಗೆ ಕೊಟ್ಟವರಿಗೆ ಚಳಿಗೆ ಕೊಡ್ಲಿಕ್ಕೆ ಎಂತ ದಾಡಿ?"

"ಶಾಲೆಗೆ ಹೋಗುದು ಸಾನ್ವಿ ಅಲ್ವಾ? ನಿನಗೆ ಎಂತಕ್ಕೆ ರಜೆ?"

ಅದೇ ತೊಂದರೆ. ಹೋಗಬೇಕಾದವಳು ನಾನೂ ಹೌದು. ಸಾನ್ವಿಯ ಕ್ಲಾಸಿನಲ್ಲಿ ಮರುದಿನ ಅಜ್ಜ ಅಜ್ಜಿಯರ ದಿನ. ಮನೆಯ ಹಿರಿಯರು ಹೋಗಿ ತಾವು ಸಣ್ಣವರಿದ್ದಾಗಿನ ಶಾಲೆ, ಕೆಲಸ, ಬದುಕು ಎಂದು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು. ಕಳೆದ ವರ್ಷ ಸಾನ್ವಿಯ ಪಾಲಿಗೆ ಯಾರೂ ಇರಲಿಲ್ಲವಂತೆ. ಬೇರೆ ಯಾರದೋ ಅಜ್ಜಿಯ ಮಗ್ಗುಲಲ್ಲಿ, ಎರವಲು ತಂದ ಒಡವೆ ಹಾಕಿಕೊಂಡವಳ ಹಾಗೆ ಮುದುಡಿಕೊಂಡು ಕೂತಿದ್ದಳಂತೆ. ಈ ಸಲ ನಾನು ವಿಮಾನದಿಂದ ಇಳಿದ ದಿನವೇ ಹೇಳಿಬಿಟ್ಟಿದ್ದಳು: "ಅಜ್ಜಿ, ಯು ಹ್ಯಾವ್ ಟು ಕಮ್. ಐ ಟೋಲ್ಡ್ ಎವ್ರಿವನ್."

ಹೋಗಿ ಹೇಳುವುದೇನು? ನಾನು ಕಲಿತದ್ದು ಎರಡನೇ ಕ್ಲಾಸು. ಮೂರನೆಯದಕ್ಕೆ ಸೇರುವ ಮಳೆಗಾಲದಲ್ಲಿ ನನ್ನ ಬೆರಳು ಚುರುಕಾಗಿದೆ ಎಂದು ಅಮ್ಮನಿಗೆ ಗೊತ್ತಾಗಿ ಬೀಡಿ ಕಟ್ಟಲು ಕೂರಿಸಿದಳು. ನಾನೇನೂ ಅಳಲಿಲ್ಲ. ಶಾಲೆಯಲ್ಲಿ ಮಾಸ್ಟ್ರು ಹೊಡೆಯುತ್ತಿದ್ದರು, ಬೀಡಿ ಯಾರಿಗೂ ಹೊಡೆಯುವುದಿಲ್ಲ. ಆಮೇಲೆ ಪಕ್ಕದ ಮನೆಯ ಹುಡುಗಿ ನಾವೆಲ್ಲ ಬೀಡಿ ಕಟ್ಟುವಾಗ ವಾರಪತ್ರಿಕೆ ಓದಿ ಹೇಳುತ್ತಿದ್ದಳು. ಅವಳ ಹೆಗಲ ಮೇಲಿಂದ ಇಣುಕಿ ಇಣುಕಿ ನನಗೂ ಓದಲು ಬಂತು. ಇಷ್ಟು ಬರೆಯುವುದಕ್ಕೆ ಸಾಕು, ಒತ್ತಕ್ಷರ ತಪ್ಪಿದರೆ ಸೊಸೆ ತಿದ್ದುತ್ತಾಳೆ.

ಆ ಸೊಸೆ ಅಂದು ತಿದ್ದಿದ್ದು ಅಕ್ಷರವನ್ನಲ್ಲ, ನನ್ನ ಇಡೀ ಆಯುಷ್ಯವನ್ನು. "ಮಾಮಿ, ಬೇಜಾರು ಮಾಡ್ಬೇಡಿ. ಬೀಡಿ ಅಂತ ಮಾತ್ರ ಹೇಳ್ಬೇಡಿ. ಸ್ಮೋಕಿಂಗ್ ಕೆಟ್ಟದ್ದು ಅಂತ ಈಗಷ್ಟೇ ಮಕ್ಕಳ ಹತ್ರ ಚಾರ್ಟ್ ಮಾಡಿಸಿದ್ದಾರೆ."

"ಮತ್ತೆ ಎಂತ ಹೇಳುದು? ವಿಮಾನ ಬಿಡ್ತಿದ್ದೆ ಅಂತಲಾ?"

ವನಿತಾ ನಕ್ಕಳು, ದಾರಿ ಹೇಳಲಿಲ್ಲ. ಶಾಲೆಯ ಮಾತೆತ್ತಿದರೆ ಎರಡನೇ ಕ್ಲಾಸಿಗೆ ಮುಗಿಯುತ್ತದೆ, ಕೆಲಸದ ಮಾತೆತ್ತುವಂತಿಲ್ಲ. ಉಳಿದದ್ದು ನಾನು, ನನ್ನ ಸೀರೆ, ಬಾಯಲ್ಲಿ ಉಳಿದಿರುವ ಸ್ವಲ್ಪ ಹಲ್ಲು. ಇಷ್ಟನ್ನು ಹಿಡಿದುಕೊಂಡು ಕ್ಲಾಸಿನ ಮಕ್ಕಳ ಎದುರು ನಿಲ್ಲುವುದಕ್ಕಿಂತ ಚಳಿಗೆ ಶಾಲೆ ಮುಚ್ಚುವುದು ಲೋಕಕ್ಕೇ ಕ್ಷೇಮ ಎಂದು ಅನಿಸಿದ್ದರಲ್ಲಿ ಸ್ವಾರ್ಥವಿತ್ತೆಂದು ನೀವು ಹೇಳಿದರೆ ನಾನು ವಾದಿಸುವುದಿಲ್ಲ.

ಒಂದು ಆಸೆಯಿತ್ತು. ಮೇಲಿನ ಮಹಡಿಯಲ್ಲಿ ಮೈಸೂರಿನ ರಾಯರಿದ್ದಾರೆ, ಬ್ಯಾಂಕಿನಲ್ಲಿ ಮ್ಯಾನೇಜರರಾಗಿ ನಿವೃತ್ತರಾದವರು. ಅವರ ಮೊಮ್ಮಗನೂ ಸಾನ್ವಿಯ ಕ್ಲಾಸೇ. ಲಿಫ್ಟಿನಲ್ಲಿ ಸಿಕ್ಕಿದರು.

"ನಮಸ್ಕಾರಮ್ಮಾ. ನಾಳೆ ನೀವೂ ಬರ್ತಿದೀರಂತೆ? ನಾನೊಂದು ಸಣ್ಣ ಭಾಷಣ ರೆಡಿ ಮಾಡ್ಕೊಂಡಿದೀನಿ, ಇಂಗ್ಲಿಷಲ್ಲೇ."

"ಎಷ್ಟು ಸಣ್ಣದು?"

"ಜಾಸ್ತಿ ಏನಿಲ್ಲ, ಒಂದ್ ಮುಕ್ಕಾಲ್ ಗಂಟೆ."

ನನಗೆ ಜೀವ ಬಂತು. ರಾಯರು ಬಾಯಿ ತೆರೆದರೆ ಗಂಟೆ ಹೊಡೆಯುವವರೆಗೆ ಮುಚ್ಚುವವರಲ್ಲ. ಅವರ ಬೆನ್ನಿನ ಹಿಂದೆ ಕೂತು ತಲೆಯಾಡಿಸಿದರೆ ನನ್ನ ಸರದಿ ಬರುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. "ಚಳಿ ಉಂಟಲ್ಲ, ತಪ್ಪಿಸುದಿಲ್ಲ ಅಲ್ವಾ?" ಎಂದು ವಿಚಾರಿಸಿದೆ.

"ಇದ್ಯಾವ ಚಳೀರೀ! ನಮ್ಮ ಮೈಸೂರಿನ ಮಾಗಿ ಚಳಿ ನೋಡ್ಬೇಕಿತ್ತು ನೀವು."

ಬೆಳಗಾಯಿತು. ವನಿತಾ ಫೋನು ನೋಡಿ, "ಸ್ಕೂಲ್ ಉಂಟು ಮಾಮಿ" ಎಂದು ಮರಣವಾರ್ತೆ ಹೇಳುವ ದನಿಯಲ್ಲಿ ಹೇಳಿದಳು. ಸಾನ್ವಿ ಆಗಲೇ ಬೂಟು ಹಾಕಿ ನಿಂತಿದ್ದಳು. ನಾನು ಸೀರೆಯ ಮೇಲೆ ಗಣೇಶನ ಕಾರ್ಖಾನೆಯ ದಪ್ಪ ಜಾಕೆಟ್ಟು ಹಾಕಿದೆ, ಬೆನ್ನಿನ ಮೇಲೆ ಹೊಳೆಯುವ ಪಟ್ಟಿ ಇರುವಂಥದ್ದು. ಕಿವಿ ಮುಚ್ಚುವ ಹಾಗೆ ತಲೆಗೆ ಬೈರಾಸು, ಅದೇ ಮೈ ಒರೆಸುವ ಟವೆಲು, ಬಿಗಿದೆ. ಕನ್ನಡಿಯಲ್ಲಿ ನೋಡಿದರೆ ರಸ್ತೆ ರಿಪೇರಿಗೆ ಹೊರಟ ಹಾಗಿದ್ದೆ. ಬಾಗಿಲು ತೆರೆದಾಗ ರಾಯರು ನಿಂತಿದ್ದಾರೆ! ಮಂಕಿ ಕ್ಯಾಪಿನೊಳಗಿಂದ ಕಣ್ಣು ಮತ್ತು ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ನಾನ್ ಬರಲ್ಲಮ್ಮಾ. ಯಾಕೋ ಎದೆ ಹಿಡ್ಕೊಂಡಂಗಿದೆ. ಮೊಮ್ಮಗನ್ನೂ ಕಳಿಸ್ತಿಲ್ಲ. ನೀವು ಧೈರ್ಯವಾಗಿ ಹೋಗ್ಬನ್ನಿ."

ಮೈಸೂರಿನ ಮಾಗಿಯನ್ನು ಕೇಳೋಣವೆಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಾಲೆಯ ವ್ಯಾನು ಹಾರ್ನು ಹೊಡೆಯಿತು. "ಯಲ್ಲಾ ಅಮ್ಮಾ, ಯಲ್ಲಾ!" ಎಂದು ಡ್ರೈವರ್ ಭಾಯಿ ನನ್ನನ್ನೂ ಚೀಲದಂತೆ ಒಳಗೆ ಹತ್ತಿಸಿಕೊಂಡ.

ಕ್ಲಾಸಿನಲ್ಲಿ ಬೆಂಚುಗಳು ಹೆಚ್ಚು, ಮಕ್ಕಳು ಕಡಿಮೆ. ಅಜ್ಜ ಅಜ್ಜಿಯರ ಪೈಕಿ ನಾನೊಬ್ಬಳೇ! ತಮ್ಮ ತಮ್ಮ ಹಿರಿಯರನ್ನೆಲ್ಲ ಮಕ್ಕಳು ಕಂಬಳಿಯೊಳಗೆ ಭದ್ರವಾಗಿಟ್ಟು ಬಂದಿದ್ದರು. ಟೀಚರು ಕೇರಳದವಳು, ಒಳ್ಳೆಯ ಹುಡುಗಿ. ನನಗೆ ಕುರ್ಚಿ ಹಾಕಿ, ಹಿಂದಿಯಲ್ಲಿ, "ಅಮ್ಮಾ, ಪೂರಾ ಟೈಮ್ ಆಪ್ ಕಾ ಹೈ" ಎಂದಳು. ಇಡೀ ಸಮಯ ನನ್ನದೇ ಅಂತೆ. ಬದುಕಿನಲ್ಲಿ ಯಾರೂ ಕೊಡದಿದ್ದ ವಸ್ತುವನ್ನು, ಬೇಡದ ಹೊತ್ತಿಗೆ ಕೊಟ್ಟಳು.

ಮಕ್ಕಳು ಇಂಗ್ಲಿಷಿನಲ್ಲಿ ಕೇಳುವುದು, ಸಾನ್ವಿ ಅದನ್ನು ನನಗೆ ದಾಟಿಸುವುದು, ನನ್ನದನ್ನು ಅವರಿಗೆ ದಾಟಿಸುವುದು ಎಂದು ವ್ಯವಸ್ಥೆಯಾಯಿತು.

"ಅಜ್ಜಿ, ನಿಮ್ಮ ಸ್ಕೂಲಿಗೆ ಬಸ್ ಇತ್ತಾ ಕೇಳ್ತಾರೆ."

"ಬಸ್ಸೂ ಇಲ್ಲ, ಮಾರ್ಗವೂ ಇಲ್ಲ. ತೋಡು ದಾಟ್ಲಿಕ್ಕೆ ಎರಡು ಮರ ಅಡ್ಡ ಹಾಕಿದ ಸಂಕ ಇತ್ತು, ಹೇಳು."

ಸಂಕಕ್ಕೆ ಏನನ್ನಬೇಕೆಂದು ಸಾನ್ವಿಗೆ ತಿಳಿಯಲಿಲ್ಲ. ಕೈ ಅಗಲಿಸಿ "ಬ್ರಿಡ್ಜ್" ಎಂದಳು. ಕುವೈಟಿನಲ್ಲಿ ಸಮುದ್ರದ ಮೇಲೆ ಉದ್ದಕ್ಕೂ ಒಂದು ಸೇತುವೆಯಿದೆ. ಮಕ್ಕಳ ಕಣ್ಣಿನಲ್ಲಿ ನಾನು ಸ್ಲೇಟು ಹಿಡಿದು ಅದರ ಮೇಲೆ ನಡೆದುಹೋದೆ. ಚಂದ ಕಾಣುತ್ತಿದ್ದೆ, ಹಾಗಾಗಿ ಕೆಳಗಿಳಿಯಲಿಲ್ಲ.

ಮುಂದಿನದು, ಏನು ಕೆಲಸ ಮಾಡುತ್ತಿದ್ದಿರಿ ಎಂದು. ಸಾನ್ವಿ ನನ್ನ ಮುಖ ನೋಡಿದಳು. ಅವಳಿಗೂ ಮನೆಯಲ್ಲಿ ಎಚ್ಚರಿಕೆ ಕೊಟ್ಟಿದ್ದರು.

"ಎಲೆ ಸುತ್ತುತ್ತಿದ್ದೆ ಅಂತ ಹೇಳು" ಎಂದೆ. ಸುಳ್ಳಲ್ಲ.

"ಒಳಗೆ ಎಂತ ಹಾಕ್ತಿದ್ರಿ ಅಂತೆ."

"ಸೊಪ್ಪು." ಇದೂ ಸುಳ್ಳಲ್ಲ. ಹೊಗೆಸೊಪ್ಪೂ ಸೊಪ್ಪೇ.

ಹಿಂದಿನ ಬೆಂಚಿನ ದಪ್ಪ ಹುಡುಗನೊಬ್ಬ ಎದ್ದು ನಿಂತು, "ಗ್ರೇಪ್ ಲೀವ್ಸ್! ಐ ಲವ್ ಇಟ್!" ಎಂದು ಕೂಗಿದ. ಇಲ್ಲಿಯ ಅರಬರ ಹೋಟೆಲುಗಳಲ್ಲಿ ದ್ರಾಕ್ಷಿ ಎಲೆಯೊಳಗೆ ಅನ್ನ ತುಂಬಿ, ಬೆರಳಿನ ಗಾತ್ರಕ್ಕೆ ಸುತ್ತಿ ಬೇಯಿಸಿದ ಒಂದು ತಿಂಡಿ ಸಿಗುತ್ತದೆ, ನೋಡಲು ಥೇಟ್ ಬೀಡಿ. ಇಡೀ ಕ್ಲಾಸಿನ ಬಾಯಲ್ಲಿ ನೀರು ಬಂತು. ಟೀಚರು ಬೆರಗಾಗಿ, "ವೆಜಿಟೇರಿಯನ್?" ಎಂದಳು.

"ಹಾಂ ಜೀ, ಪೂರಾ ವೆಜಿಟೇರಿಯನ್" ಎಂದೆ. ಬೀಡಿಯಲ್ಲಿ ಮೀನು ಮಾಂಸ ಇದೆಯೆಂದು ಯಾರೂ ಹೇಳಲಾರರು.

ದಿನಕ್ಕೆ ಎಷ್ಟು? ಕೈ ಓಡಿದ ದಿನ ಸಾವಿರ. ಅಬ್ಬಾ, ಅಷ್ಟನ್ನು ತಿನ್ನುತ್ತಿದ್ದವರು ಯಾರು? ಗಂಡಸರು, ಒಬ್ಬೊಬ್ಬರು ಕಟ್ಟುಗಟ್ಟಲೆ. ಅವರಿಗೆ ಹೊಟ್ಟೆನೋವು ಬರುತ್ತಿರಲಿಲ್ಲವೇ?

"ಹೊಟ್ಟೆ ಅಲ್ಲ, ಎದೆನೋವು ಬರ್ತಿತ್ತು" ಎಂದೆ. ಸಾನ್ವಿ ಅದನ್ನು ಯಥಾವತ್ತಾಗಿ ದಾಟಿಸಿದಳು. ಚಾರ್ಟು ಮಾಡದ ಕೆಲಸವನ್ನು ನಾನು ಅಷ್ಟರಮಟ್ಟಿಗೆ ಮಾಡಿದೆನೆಂದು ಈಗಲೂ ನನ್ನ ನಂಬಿಕೆ. ದ್ರಾಕ್ಷಿ ಎಲೆಯ ವ್ಯಾಪಾರಿಗಳು ಕ್ಷಮಿಸಬೇಕು.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಎರಡು ಜಡೆಯ ಹುಡುಗಿಯೊಬ್ಬಳು ಇನ್ನೊಂದು ಕೇಳಿದಳು. ಸಾನ್ವಿ ದಾಟಿಸಲಿಲ್ಲ. ನೆಲ ನೋಡಿದಳು. ಆದರೆ ಆ ಪ್ರಶ್ನೆಯಲ್ಲಿ 'ಕ್ಲಾಸ್' ಎಂಬ ಶಬ್ದ ಇತ್ತು, ಅದು ನನಗೆ ಗೊತ್ತಿದ್ದ ಇಂಗ್ಲಿಷು.

"ಸೆಕೆಂಡ್" ಎಂದೆ, ನಾನೇ.

"ಓನ್ಲಿ ಸೆಕೆಂಡ್?" ಎಂದಿತು ಎರಡು ಜಡೆ. ಯಾರೋ ಕಿಸಕ್ಕೆಂದರು. ಅದು ಹರಡಿತು. ಸಾನ್ವಿಯ ಕಿವಿ ಕೆಂಪಾಯಿತು. ನನ್ನ ಮಾನಕ್ಕೆ ಬಿಡಿ, ಹೋಗಿ ಬಂದು ಅಭ್ಯಾಸವಿದೆ, ದಾರಿ ಗೊತ್ತು. ಮಗುವಿನ ಮಾನ ಹೊಸತು. ಈ ಹಾಳು ಶಾಲೆಗೆ ಚಳಿಯ ರಜೆ ಕೊಡದವರ ಮನೆಯ ಎಣ್ಣೆಯೆಲ್ಲ ಕಲ್ಲಾಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಸಾನ್ವಿ ನನ್ನ ಕಡೆ ತಿರುಗಿದಳು. "ಅಜ್ಜಿ, ಸೆಕೆಂಡಲ್ಲಿ ಪಾಸಾ, ಫೇಲಾ?"

"ಪಾಸು."

"ಶೂರ್?"

"ಪಾಸು ಮಾರಾಯ್ತಿ! ಮಾಸ್ಟ್ರನ್ನು ಕೇಳ್ಬೇಕಾದ್ರೆ ಈಗ ಸ್ವರ್ಗಕ್ಕೆ ಹೋಗ್ಬೇಕು."

ಅವಳು ಟೀಚರ ಕಡೆ ತಿರುಗಿ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: "ಮಿಸ್, ಶಿ ಪಾಸ್ಡ್ ಸೆಕೆಂಡ್. ಸೋ ಶಿ ಈಸ್ ಇನ್ ಥರ್ಡ್." ಹೇಳಿ, ತನ್ನ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

ಎರಡನೆಯದು ಪಾಸಾದವರು ಮೂರನೆಯದಕ್ಕೆ ಬರಬೇಕಾದದ್ದೇ, ದಾರಿಯಲ್ಲಿ ಸ್ವಲ್ಪ ತಡವಾದರೇನು. ನಗು ನಿಂತಿತು. ಎರಡು ಜಡೆಯೂ ಹೌದೆಂದು ತಲೆಯಾಡಿಸಿತು. ಟೀಚರು ನಗುತ್ತ ಬೆಂಚು ತೋರಿಸಿದಳು. ಮೊಣಕಾಲನ್ನು ಮಡಚಿ ಅದರೊಳಗೆ ತೂರಿಕೊಂಡೆ.

ಮನೆಗೆ ಹೋಗುವ ವ್ಯಾನು ಬರುವವರೆಗೂ ಅಲ್ಲೇ ಕೂತಿದ್ದೆ. ಪಾಠ ಒಂದಕ್ಷರ ಅರ್ಥವಾಗಲಿಲ್ಲ. ಅರ್ಥವಾಗದೆ ಕೂರುವುದರಲ್ಲೂ ಒಂದು ಸುಖವಿದೆ, ನಾವು ದೇವಸ್ಥಾನದಲ್ಲಿ ಕೂರುವುದಿಲ್ಲವೇ ಹಾಗೆ. ಒಂದು ಚಿತ್ರ ಬಿಡಿಸಲು ಕೊಟ್ಟರು. ನಾನು ಬಿಡಿಸಿದ ಮನೆಗೆ ಚಕ್ರ ಒಂದು ಕಡಿಮೆ, ಇದ್ದಿದ್ದರೆ ಬಸ್ಸಾಗುತ್ತಿತ್ತು ಎಂದನಂತೆ ದಪ್ಪ ಹುಡುಗ. ನನ್ನ ಕಾಲದ ಮಳೆಯಲ್ಲೂ ನಮ್ಮ ಶಾಲೆ ಮುಚ್ಚುತ್ತಿರಲಿಲ್ಲ. ನಾನು ಬಿಟ್ಟ ಮೇಲೂ ತೆರೆದೇ ಇತ್ತು, ಅದರ ಎದುರಿನಿಂದಲೇ ಬೀಡಿಯೆಲೆಯ ಕಟ್ಟು ಹೊತ್ತು ಹೋಗುತ್ತಿದ್ದೆ. ಒಳಗೆ ನೋಡಬಾರದೆಂದು ಯಾರೂ ಹೇಳಿರಲಿಲ್ಲ, ನಾನೇ ನೋಡುತ್ತಿರಲಿಲ್ಲ. ಇರಲಿ.

ಹೊರಡುವಾಗ ಟೀಚರು, "ಅಮ್ಮಾ, ಕಲ್ ಭೀ ಆನಾ" ಎಂದಳು. ನಾಳೆ ಬಣ್ಣದ ಕಾಗದದಲ್ಲಿ ಎಲೆ ಸುತ್ತುವುದನ್ನು ಮಕ್ಕಳಿಗೆ ತೋರಿಸಬೇಕಂತೆ. "ನೋಡುವ" ಎಂದೆ, ನನಗೇನು ಬೇರೆ ಕೆಲಸವಿಲ್ಲವೇ ಎಂಬ ಗತ್ತಿನಲ್ಲಿ. ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಮರುದಿನದ ಸೀರೆ ತೆಗೆದಿಟ್ಟದ್ದು.

ಸಂಜೆ ವನಿತಾಳ ಫೋನು ಕುಣಿಯಿತು. ನಾಳೆ ಮಳೆ ಬರುವ ಸಂಭವವಿದೆ, ಶಾಲೆಗಳಿಗೆ ರಜೆ! ಸಾನ್ವಿ ಸೋಫಾದ ಮೇಲೆ ಹಾರಿದಳು. ಮನೆಯಲ್ಲಿ ಮುಖ ಸಣ್ಣದಾದದ್ದು ಒಬ್ಬಳದೇ. ಮರುದಿನ ಬಂದ ಮಳೆಯನ್ನೂ ನೋಡಿದೆ. ಕಿಟಕಿಯ ಗಾಜಿನ ಮೇಲೆ ನಾಲ್ಕು ಹನಿ, ಕೆಳಗಿನ ಕಾರುಗಳ ಧೂಳು ಕೆಸರಾಗುವಷ್ಟು.

"ಇದಕ್ಕೆ ಮಳೆ ಅಂತ ಹೇಳ್ತಾರಾ? ಇಷ್ಟಕ್ಕೆ ನಮ್ಮೂರಲ್ಲಿ ಒಣಗಲಿಕ್ಕೆ ಹಾಕಿದ ಬಟ್ಟೆ ಸಹ ಒಳಗೆ ತರುದಿಲ್ಲ" ಎಂದು ಗಣೇಶನಿಗೆ ಹೇಳಿದೆ.

"ಮೊನ್ನೆ ರಜೆ ಬೇಕು ಅಂತ ಡಿಸಿಯನ್ನು ಹುಡುಕಿದ್ದು ಯಾರು?"

"ಮೊನ್ನೆ ಮೊನ್ನೆಗೆ ಆಯ್ತು."

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ರಾಯರು. ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದಿದ್ದರು, ಮುಖದಲ್ಲಿ ಕಳೆ ಬಂದಿತ್ತು. "ಗೊತ್ತಾಯ್ತೇನಮ್ಮಾ? ಬರದೆ ಇದ್ದವರಿಗೆ ಇನ್ನೊಂದ್ ಚಾನ್ಸ್ ಕೊಡ್ತಾರಂತೆ. ನಾಳೆ ಸ್ಕೂಲ್ ತೆಗೀತಿದ್ದಂಗೆ ನಾನೂ ನಿಮ್ ಜೊತೆ ಬಂದ್ಬಿಡ್ತೀನಿ. ಭಾಷಣ ಹಾಗೇ ಇದೆ, ಇನ್ನೂ ಸ್ವಲ್ಪ ಸೇರಿಸಿದೀನಿ."

ನಾನು ಹೊರಗಿನ ಆಕಾಶವನ್ನು ಒಮ್ಮೆ, ಅವರ ಎದೆಯನ್ನು ಒಮ್ಮೆ ನೋಡಿದೆ. "ಬೇಡ ರಾಯರೇ" ಎಂದೆ. "ನಾಳೆಯಿಂದ ಚಳಿ ಇನ್ನೂ ಜೋರಂತೆ. ನಿಮ್ಮಂಥವರಿಗೆ ಆಗ್ಲಿಕ್ಕಿಲ್ಲ. ನೀವು ಮನೆಯಲ್ಲೇ ಬೆಚ್ಚಗೆ ಮಲಗಿ. ಶಾಲೆಗೆ ನಾವು ಹೋಗಿ ಬರ್ತೇವೆ."